ಅರ್ಧ ಇಂಚು

ಮೇಡಂಗೆ ಅರವತ್ತೆರಡು ವರ್ಷ. ಅದರಲ್ಲಿ ಮೂವತ್ತನಾಲ್ಕು ವರ್ಷ ಕರಾಟೆ ಕಲಿಸುವುದರಲ್ಲೇ ಕಳೆದಿತ್ತು. ಬುಕ್ ಬೈಂಡಿಂಗ್ ಅಂಗಡಿಯ ಮೇಲಿನ ಉದ್ದನೆಯ ಹಾಲಿನಲ್ಲಿ ಅವರ ಕೈಯಲ್ಲಿ ಪಳಗಿದವರು ಒಬ್ಬರೇ ಇಬ್ಬರೇ! ಪೊಲೀಸರಿದ್ದರು, ನರ್ಸುಗಳಿದ್ದರು, ಒಬ್ಬ ಹಲ್ಲಿನ ಡಾಕ್ಟರೂ ಇದ್ದ. ಮೇಡಂ ಹೋಗಿ ಅವನ ಕುರ್ಚಿಯಲ್ಲಿ ಬಾಯಿ ತೆರೆದು ಕೂತರೂ ನೆಟ್ಟಗೆ ನಿಲ್ಲುವವನು ಅವನೇ.

ಅವರ ಪಾಠದಲ್ಲಿ ವಿವರಣೆ ಎನ್ನುವುದೇ ಇರಲಿಲ್ಲ. "ಬಾಯಿ ಮುಚ್ಚಿ, ಕಣ್ಣು ಬಿಡಿ. ನಾನು ಮಾಡಿದ ಹಾಗೆ ಮಾಡಿ." ಅಷ್ಟೇ. ಭಾಷಣ ಕೇಳಿ ಒದೆಯಲು ಕಲಿತವರನ್ನು ಅವರು ಈವರೆಗೆ ನೋಡಿರಲಿಲ್ಲ. ಪ್ರಶ್ನೆ ಕೇಳಿದವರಿಗೆ ಐವತ್ತು ಬಸ್ಕಿ. ಈ ಕ್ರಮದ ಬಗ್ಗೆ ಅವರಿಗೆ ಹೆಮ್ಮೆಯಿತ್ತು, ಏಕಿರಬಾರದು? ಕಲಿತವರು ಕಣ್ಣೆದುರಿಗೇ ಇದ್ದರಲ್ಲ.

ಕಲಿಯದವಳು ಒಬ್ಬಳೇ, ಟೈಲರಮ್ಮ. ಕರಾಟೆ ಕಲಿಯುವವರಿಗೆಲ್ಲ ಬಿಳಿ ಸಮವಸ್ತ್ರ ಹೊಲಿದು ಕೊಡುತ್ತಿದ್ದ, ನಲವತ್ತು ದಾಟಿದ ಹೆಂಗಸು. ಹೊಡೆತ ಚೆನ್ನಾಗಿತ್ತು, ದಮ್ಮೂ ಇತ್ತು. ಆದರೆ ಕಪ್ಪು ಬೆಲ್ಟಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ಎರಡು ಸಲವೂ ಎಡವಟ್ಟಾಗಿದ್ದು ಕಟಾದಲ್ಲಿ. ಕಟಾ ಎಂದರೆ ಎದುರಾಳಿಯಿಲ್ಲದೆ, ಒಂದಾದ ಮೇಲೊಂದು ಕ್ರಮವಾಗಿ ಮಾಡಿ ತೋರಿಸುವ ಹೊಡೆತ, ತಡೆ, ತಿರುವುಗಳು. ಅದರ ಒಂಬತ್ತನೇ ಹೆಜ್ಜೆಯ ತಿರುವನ್ನು ಅವಳು ಮೇಡಂ ಮಾಡಿದ ಹಾಗೆ ಮಾಡುತ್ತಿರಲಿಲ್ಲ. ಮೂರನೇ ಸಲವೂ ಫೇಲಾದವರು ಮತ್ತೆ ಪರೀಕ್ಷೆಗೆ ಕೂರುವಂತಿಲ್ಲ ಎಂಬ ನಿಯಮ ಮೇಡಂ ಅವರದೇ. ಅವಳ ಆ ಮೂರನೇ ಸಲ ಈ ಭಾನುವಾರಕ್ಕಿತ್ತು.

ಗುರುವಾರ ಸಂಜೆ ಹಾಲಿನ ಒಂದು ಟ್ಯೂಬ್‌ಲೈಟ್ ಕೈಕೊಟ್ಟಿತು. ಮೇಡಂ ಗಂಡ ಎಲೆಕ್ಟ್ರಿಷಿಯನ್. ಏಣಿ ತಂದು ಹತ್ತಿದರು. ಕೆಳಗೆ ಹದಿನೆಂಟು ಜನ ಕಟಾ ಮಾಡುತ್ತಿದ್ದರು.

"ರೀ, ಕೆಳಗೆ ನೋಡ್ಬೇಡಿ, ಕೈಲಿರೋ ವೈರ್ ನೋಡಿ," ಎಂದರು ಮೇಡಂ.

"ಅಲ್ಲ ಕಣೇ, ಇವರಿಗೆಲ್ಲ ಒಟ್ಟಿಗೇ ಸೊಂಟ ಹಿಡ್ಕೊಂಡಿದ್ಯಾ?"

"ಏನ್ರೀ ಹಾಗಂದ್ರೆ?"

"ತಿರುಗೋವಾಗ ಎಲ್ಲರೂ ಎಡಕ್ಕೆ ಕುಸೀತಾರೆ ನೋಡು, ಥೇಟ್ ನಿನ್ನ ಹಾಗೇ. ಆ ಟೈಲರಮ್ಮ ಒಬ್ಬರನ್ನ ಬಿಟ್ಟು."

ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. "ಇನ್ನೊಂದು ಸಲ," ಎಂದವರೇ ಏಣಿಯ ಪಕ್ಕ ನಿಂತು ನೋಡಿದರು. ಒಂಬತ್ತನೇ ಹೆಜ್ಜೆಗೆ ಹದಿನೇಳು ಎಡಸೊಂಟಗಳು ಒಟ್ಟಿಗೆ ಕುಸಿದವು. ಒಂದು ಮಾತ್ರ ಮಟ್ಟಸವಾಗಿ ತಿರುಗಿತು.

ಹನ್ನೊಂದು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಮೇಡಂ ಬಿದ್ದು ಎಡಸೊಂಟ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಕಾಲು ತುಸು ಮೋಟಾಯಿತು. ಅದು ತಮಗೂ, ಸೊಂಟಕ್ಕೆ ಮುಲಾಮು ತಿಕ್ಕುವ ಗಂಡನಿಗೂ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲವೆಂದೇ ತಿಳಿದಿದ್ದರು. ತಿರುವು ಮೊದಲಿನಂತೆಯೇ ಇದೆ ಎಂದೂ ತಿಳಿದಿದ್ದರು. ಈ ಹದಿನೆಂಟೂ ಜನ ಸೇರಿದ್ದು ಆಮೇಲೆ. ಪಾಪ, ಬಾಯಿ ಮುಚ್ಚಿ, ಕಣ್ಣು ಬಿಟ್ಟು, ಮೇಡಂ ಕುಂಟನ್ನೂ ಚಾಚೂ ತಪ್ಪದೆ ಕಲಿತಿದ್ದರು.

"ಟೈಲರಮ್ಮ, ಬಾ ಇಲ್ಲಿ. ನೀನ್ಯಾಕೆ ಕುಸಿಯಲ್ಲ?"

ಅವಳು ಬಂದಳು. ಬೆವರು ಒರೆಸಿಕೊಂಡು ದನಿ ತಗ್ಗಿಸಿದಳು. "ನಿಮ್ಮ ಪ್ಯಾಂಟ್ ಹೊಲಿಯೋಳು ನಾನೇ ಅಲ್ವಾ ಮೇಡಂ? ಎಡಗಾಲು ಅರ್ಧ ಇಂಚು ಕಮ್ಮಿ ಇಟ್ಟೇ ಮಡಚಿ ಹೊಲಿಯೋದು. ಮೊದಲನೇ ಸಲ ಅಳತೆ ತಗೊಂಡಾಗ್ಲೇ ಗೊತ್ತಾಯ್ತು. ಆ ಕುಸಿಯೋದು ನಿಮ್ಮ ಕಾಲಿಂದು, ಕಟಾದ್ದಲ್ಲ. ನಂಗ್ಯಾಕೆ ಅಂತ ಬಿಟ್ಟೆ."

"ಎರಡು ಸಲ ಫೇಲ್ ಮಾಡಿದ್ನಲ್ಲ, ಆಗಾದ್ರೂ ಬಾಯಿ ಬಿಡೋದಲ್ವಾ?"

"ನೀವು ಮುಚ್ಚಿಟ್ಟಿದ್ದನ್ನ ಎಲ್ಲರೆದುರಿಗೆ ನಾನು ಹ್ಯಾಗೆ ಮೇಡಂ ಹೇಳ್ಲಿ?"

ಮೇಡಂ ಮುಖ ಬಿಸಿಯಾಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತಮ್ಮ ಮೇಲೇ ಸಿಟ್ಟು ಬಂತು. ತಮ್ಮ ಮರ್ಯಾದೆ ಕಾಯಲು ಇವಳು ಎರಡು ಸಲ ಸೋತಿದ್ದಳು, ಮೂರನೇ ಸಲವೂ ಸೋಲಲು ತಯಾರಾಗಿದ್ದಳು. ಆದರೆ ಪೆಟ್ಟು ತಿಂದಾಗ ನೆಲ ನೋಡುವ ಜಾಯಮಾನ ಅವರದಲ್ಲ. ಎಲ್ಲರ ಕಡೆ ತಿರುಗಿ, ಹಾಲಿನ ಮೂಲೆಮೂಲೆಗೂ ಕೇಳಿಸುವಂತೆ ಹೇಳಿದರು:

"ಕೇಳಿ ಎಲ್ಲರೂ. ನನ್ನ ಎಡಗಾಲು ಅರ್ಧ ಇಂಚು ಮೋಟು. ನಾನು ಕುಂಟೋದನ್ನೇ ನೀವು ಕಲಿತಿದ್ದೀರಿ, ಕಲಿಸಿದ್ದು ನಾನು. ಈ ತಿರುವು ಸರಿಯಾಗಿ ಬರೋದು ಟೈಲರಮ್ಮಂಗೆ ಒಬ್ಬಳಿಗೇ. ಇವಳನ್ನ ಎರಡು ಸಲ ಫೇಲ್ ಮಾಡಿದ್ದು ನನ್ನ ತಪ್ಪು. ಇವತ್ತಿಂದ ಅನುಮಾನ ಬಂದ್ರೆ ಕೇಳಿ, ಬಸ್ಕಿ ಹೊಡೆಸಲ್ಲ." ಆಮೇಲೆ ಅವಳತ್ತ ನೋಡಿ, "ನಿನಗೆ ಪರೀಕ್ಷೆ ಬೇಡ. ಬೆಲ್ಟ್ ಈಗಲೇ ಕಟ್ತೀನಿ," ಎಂದರು.

"ಬೇಡಿ ಮೇಡಂ. ಭಾನುವಾರ ಬರ್ತೀನಿ. ಎಲ್ಲರ ಹಾಗೆ ಪರೀಕ್ಷೆ ಮಾಡೇ ತಗೋತೀನಿ."

ಮೂವತ್ತನಾಲ್ಕು ವರ್ಷದಲ್ಲಿ ಮೇಡಂಗೆ ಎದುರು ಮಾತಾಡಿದವರು ಕಮ್ಮಿ. ಈ ಎದುರು ಮಾತು ಅವರಿಗೆ ತುಂಬ ಹಿಡಿಸಿತು. "ಹಾಗಾದ್ರೆ ಮುಂದೆ ನಿಂತ್ಕೋ. ಎಲ್ಲರಿಗೂ ನೀನೇ ಹೇಳ್ಕೊಡು," ಎಂದು ತಾವು ಹೋಗಿ ಕೊನೇ ಸಾಲಿನಲ್ಲಿ ನಿಂತರು.

ಟೈಲರಮ್ಮ ಮುಂದೆ ಹೋಗಿ ನಿಂತಳು. ಆಮೇಲೆ ಲೆಕ್ಕ ಶುರುಮಾಡಿದಳು. ಒಂಬತ್ತಕ್ಕೆ ಇಡೀ ತರಗತಿ ತಿರುಗಿತು. ಅಭ್ಯಾಸಬಲ, ಎಲ್ಲರೂ ಮತ್ತೆ ಎಡಕ್ಕೆ ಕುಸಿದರು. ಕೊನೇ ಸಾಲಿನಲ್ಲಿ ಮೇಡಂ ಕೂಡ. ಅವರು ಇನ್ನೊಮ್ಮೆ ಪ್ರಯತ್ನಿಸಲು ಕಾಲು ಸರಿಮಾಡಿಕೊಳ್ಳುತ್ತಿದ್ದರು.

ಟೈಲರಮ್ಮ ಮುಂದಿನಿಂದ ಗಟ್ಟಿಯಾಗಿ ಹೇಳಿದಳು: "ಮೇಡಂದು ಸರಿಯಾಗಿದೆ. ಉಳಿದವರೆಲ್ಲ ಇನ್ನೊಂದು ಸಲ."