ಪರೀಕ್ಷೆಯ ದಿನ ದೋಷ ಕಂಡುಬಂದಿಲ್ಲ

ಅತ್ತೆ ಚೀಲ ಇಳಿಸಿ ಕೂತದ್ದು ಕಟ್ಟಡದ ನೆಲಮಹಡಿಯ ಟೈಲರ್ ಅಂಗಡಿಯ ಮುಂದೆ, ಲಿಫ್ಟಿನ ಬಾಗಿಲಿಗೆ ನೇರ ಎದುರಾಗಿ. ಮಗಳ ಮನೆ ಇದ್ದದ್ದು ಆರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಬಾರದು ಎಂದು ಮಂಡಿ ನೋಡಿದ ಡಾಕ್ಟರು ಹೇಳಿದ್ದರು. ಲಿಫ್ಟು ಹತ್ತುವುದಿಲ್ಲ ಎಂದು ಅತ್ತೆಯೇ ಹೇಳುತ್ತಿದ್ದರು.

"ಹಾಗಾದ್ರೆ ಮೇಲಕ್ಕೆ ಹೋಗೋದು ಹೇಗೆ ಅತ್ತೆ?" ಅಳಿಯ ಕೇಳಿದ.

"ಅದನ್ನೇ ಯೋಚಿಸ್ತಾ ಇದೀನಿ. ನೀವೂ ಸ್ವಲ್ಪ ಯೋಚಿಸಿ."

ಅಳಿಯ ಲಿಫ್ಟ್ ಇನ್‌ಸ್ಪೆಕ್ಟರ್. ಕಟ್ಟಡಗಳ ಲಿಫ್ಟುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅವನ ಕೆಲಸ. ಬಾಡಿಗೆಗೆ ಮನೆ ಹುಡುಕುವವರು ಅಡುಗೆಮನೆ ನೋಡುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ. ಇವನು ಈ ಮನೆಯನ್ನು ಆರಿಸಿದ್ದು ಛಾವಣಿಯಲ್ಲಿದ್ದ ಲಿಫ್ಟಿನ ಯಂತ್ರದ ಕೋಣೆ ನೋಡಿ. ಪರೀಕ್ಷೆಗೆಂದು ಬಂದವನಿಗೆ ಹಗ್ಗಗಳ ಸ್ಥಿತಿ, ಬ್ರೇಕಿನ ಹಿಡಿತ ಎಲ್ಲ ಮೆಚ್ಚುಗೆಯಾಗಿ, ಸಹಿ ಹಾಕಿ ಕೆಳಗಿಳಿಯುವಾಗ ಆರನೇ ಮಹಡಿಯಲ್ಲಿ ಮನೆ ಖಾಲಿ ಇರುವುದು ಗೊತ್ತಾಗಿತ್ತು. ಆ ಪ್ರಮಾಣಪತ್ರ ಲಿಫ್ಟಿನೊಳಗೆ ಗಾಜಿನ ಚೌಕಟ್ಟಿನಲ್ಲಿ ಈಗಲೂ ತೂಗುತ್ತಿತ್ತು.

ಅತ್ತೆ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಟ್ಟೆಯಲ್ಲಿ ಸುತ್ತಿದ ಧರ್ಮಗ್ರಂಥ ಅವರ ಕೈಚೀಲದಲ್ಲಿ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ ಸದಾ ಇರುತ್ತಿತ್ತು. ಮದುವೆಯಾದಂದಿನಿಂದ ಅತ್ತೆ ಅಳಿಯ ಭೇಟಿಯಾದಾಗಲೆಲ್ಲ ಆ ಗ್ರಂಥ ಹೊರಗೆ ಬರುತ್ತಿತ್ತು, ಚರ್ಚೆ ಶುರುವಾಗುತ್ತಿತ್ತು. ಹೆಚ್ಚಾಗಿ ಒಂದೇ ಪ್ರಸಂಗದ ಮೇಲೆ: ಬರಿಗಾಲಿನ ಸಂತನೊಬ್ಬನಿಗೆ ದಾರಿ ಬಿಡಲು ಬೆಟ್ಟವೊಂದು ಪಕ್ಕಕ್ಕೆ ಸರಿದದ್ದು.

ಈ ಸಲ ಅವರು ಚರ್ಚೆಗೆ ಬಂದಿರಲಿಲ್ಲ. ಮಗಳಿಗೆ ದಿನ ತುಂಬಿತ್ತು. ಬಸುರಿನ ಅಷ್ಟೂ ತಿಂಗಳಲ್ಲಿ ಅವಳು ಗಂಡನ ಹತ್ತಿರ ಆಸೆಪಟ್ಟು ಕೇಳಿದ್ದು ಒಂದೇ: ಹೆರಿಗೆಯ ಹೊತ್ತಿಗೆ ಅಮ್ಮ ಪಕ್ಕದಲ್ಲಿರಬೇಕು. ಕರೆದುಕೊಂಡು ಬರುತ್ತೇನೆಂದು ಅವನು ಮಾತು ಕೊಟ್ಟಿದ್ದ. ಕರೆದುಕೊಂಡೂ ಬಂದಿದ್ದ, ನೆಲಮಹಡಿಯವರೆಗೆ.

"ಹೋದ ಸಲ ನೀವೇನಂದ್ರಿ, ನೆನಪಿದೆಯಾ?" ಅತ್ತೆ ಕೇಳಿದರು. "ಸಾಬೀತಾಗದೆ ಇರೋದನ್ನ ನಂಬಬಾರದು ಅಂದ್ರಿ. ನಾನು ಮನೆಗೆ ಹೋಗಿ ಯೋಚಿಸ್ದೆ. ಸರಿ ಅನ್ನಿಸ್ತು. ಈಗ ನಾನು ನಿಮ್ಮ ಪಕ್ಷ. ಈ ಲಿಫ್ಟು ಬೀಳಲ್ಲ ಅಂತ ಸಾಬೀತು ಮಾಡಿ, ಹತ್ತುತ್ತೀನಿ."

ಟೈಲರ್ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದ. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಉಳಿಯಿತು.

"ಅತ್ತೆ, ಒಂದಲ್ಲ, ಐದು ಉಕ್ಕಿನ ಹಗ್ಗ ಇದೆ. ಒಂದೊಂದೂ ಒಂಟಿಯಾಗಿ ಭಾರ ತಡೆಯುತ್ತೆ. ಐದೂ ಹೋಯ್ತು ಅಂತಲೇ ಇಟ್ಕೊಳ್ಳಿ, ವೇಗ ಮಿತಿ ಮೀರಿದ ತಕ್ಷಣ ಲಿಫ್ಟಿನ ಕೆಳಗಿರೋ ಇನ್ನೊಂದು ಬ್ರೇಕು ಪಕ್ಕದ ಕಂಬೀನ ಕಚ್ಚಿ ನಿಲ್ಲಿಸುತ್ತೆ. ತೂಕದ ಕಲ್ಲು ತುಂಬಿಸಿ ನಾನೇ ಪರೀಕ್ಷೆ ಮಾಡಿದೀನಿ."

"ಯಾವತ್ತು?"

"ಈ ವರ್ಷದ ತಪಾಸಣೇಲಿ."

"ಆವತ್ತು ಬೀಳಲಿಲ್ಲ. ಒಪ್ಪಿದೆ. ನಾನು ಹತ್ತಬೇಕಾಗಿರೋದು ಇವತ್ತು."

ಅಳಿಯ ಲಿಫ್ಟಿನ ಕಡೆ ಕೈ ತೋರಿಸಿ, ಒಳಗೆ ಪ್ರಮಾಣಪತ್ರ ಇದೆ ಎಂದ. ಅತ್ತೆ ಬಿಡಲಿಲ್ಲ. "ಇದು ಬೀಳೋದಿಲ್ಲ ಅಂತ ನಿಮ್ಮ ಪ್ರಮಾಣಪತ್ರದಲ್ಲಿ ಬರೆದಿದೀರಾ?"

"ಹಾಗೆ ಬರೆಯೋಕೆ ಬರಲ್ಲ ಅತ್ತೆ."

"ಮತ್ತೆ ಏನು ಬರೀತೀರಿ?"

"'ಪರೀಕ್ಷೆಯ ದಿನ ದೋಷ ಕಂಡುಬಂದಿಲ್ಲ' ಅಂತ."

"ನೋಡಿದ್ರಾ ಟೈಲರಣ್ಣ?" ಅತ್ತೆ ಕೈಚೀಲದಿಂದ ಗ್ರಂಥ ತೆಗೆದು ತೋರಿಸಿದರು. "ನಾನೂ ಈ ಗ್ರಂಥನ ದಿನಾ ಓದ್ತೀನಿ. ಇವತ್ತಿನವರೆಗೆ ದೋಷ ಕಂಡುಬಂದಿಲ್ಲ."

ಟೈಲರ್ ನಕ್ಕ. ಅಳಿಯನಿಗೂ ನಗು ಬಂತು, ಆದರೆ ತಡೆದುಕೊಂಡ. "ಕಂಡುಬರದೆ ಏನು? ಬೆಟ್ಟ ಸರಿದ ಮೇಲೆ ಹಳೇ ಜಾಗದಲ್ಲಿ ಏನುಳೀತು? ಒಂದು ಹಳ್ಳನಾದ್ರೂ ಇರಬೇಕಲ್ಲ?"

"ಹೋಗಿ ನೋಡಿ ಬಂದಿರಾ?"

"ಯಾವ ಬೆಟ್ಟ ಅಂತ ಗ್ರಂಥ ಹೇಳಿದ್ರೆ ತಾನೇ ಹೋಗೋದು?"

"ಯಾವುದು ಅಂತಲೇ ಗೊತ್ತಿಲ್ಲದ ಬೆಟ್ಟ ಸರಿಯಲಿಲ್ಲ ಅಂತ ಹೇಗೆ ಹೇಳ್ತೀರಿ?"

"ಸರೀತು ಅಂತ ನೀವು ಹೇಗೆ ಹೇಳ್ತೀರಿ? ನಿಮ್ಮ ಸ್ಕೂಲಲ್ಲಿ ಯಾವನಾದ್ರೂ ಹುಡುಗ ಸಾಧನೆ ಇಲ್ಲದೆ ಪ್ರಮೇಯ ಬರೆದಿದ್ರೆ ಅಂಕ ಕೊಡ್ತಿದ್ರಾ?"

"ಸೊನ್ನೆ ಕೊಡ್ತಿದ್ದೆ. ಆದ್ರೆ ಎರಡು ಬಿಂದುಗಳ ನಡುವೆ ಒಂದೇ ಸರಳರೇಖೆ ಅನ್ನೋದಕ್ಕೆ ಸಾಧನೆ ಕೇಳ್ತಿರಲಿಲ್ಲ. ಅದನ್ನ ಒಪ್ಪಿಕೊಂಡೇ ಮುಂದಿನ ಪಾಠ. ಎಲ್ಲಾದ್ರೂ ಒಂದು ಕಡೆ ಒಪ್ಪಿಕೊಳ್ಳಲೇಬೇಕು ಅಳಿಯಂದ್ರೇ."

"ಒಪ್ಪಿಕೊಳ್ಳೋಣ. ಆ ರೇಖೆ ಬೆಟ್ಟ ಸರಿಸ್ತು ಅಂತ ಯಾರೂ ಹೇಳಲಿಲ್ಲವಲ್ಲ."

ಈ ಸಲ ಅತ್ತೆಯೇ ನಕ್ಕರು. ನಗುವಾಗಲೂ ಅವರ ಕಣ್ಣು ಲಿಫ್ಟಿನ ಬಾಗಿಲ ಮೇಲಿತ್ತು. ಮೂರನೇ ಮಹಡಿಯ ದಂಪತಿ ತರಕಾರಿ ಚೀಲ ಹಿಡಿದು ಬಂದು ಒಳಗೆ ಹೋದರು. ಬಾಗಿಲು ಮುಚ್ಚಿತು. ಬಾಗಿಲ ಮೇಲಿನ ಅಂಕಿ ಮೂರಕ್ಕೆ ಹೋಗಿ ನಿಲ್ಲುವ ತನಕ ಅತ್ತೆ ಕೈಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಹೊಲಿಗೆಯವನ ಕಣ್ಣಿಗೆ ಅದು ಬಿತ್ತು. ಅಳಿಯನ ಕಣ್ಣಿಗೂ ಬಿತ್ತು. ಇದು ಬರೀ ತಮಾಷೆಯಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

ಫೋನು ಬಂತು. ಮೇಲಿನಿಂದ ಹೆಂಡತಿ.

"ಏನ್ರೀ, ಅಮ್ಮ ಬಂದ್ರಾ?"

"ಬಂದ್ರು. ಕೆಳಗೆ ಇದ್ದಾರೆ."

"ಕೆಳಗೆ ಏನು ಮಾಡ್ತಿದ್ದಾರೆ?"

"ಚರ್ಚೆ ನಡೀತಾ ಇದೆ."

"ಬೆಟ್ಟದ್ದಾ?" ಅವಳು ನಿಟ್ಟುಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. "ನೋಡಿ, ಇವತ್ತೊಂದು ದಿನ ಬೆಟ್ಟ ಸರೀತು ಅಂತ ಒಪ್ಕೊಂಡುಬಿಡಿ. ಮಗು ಹುಟ್ಟಿದ ಮೇಲೆ ಬೇಕಾದ್ರೆ ಅದನ್ನ ವಾಪಸ್ ಅದರ ಜಾಗಕ್ಕೆ ತಂದು ಇಡಿ. ನಂಗೆ ಅಮ್ಮ ಬೇಕು."

ಫೋನು ಇಟ್ಟುಬಿಟ್ಟಳು. ಅವಳ ದನಿ ಅಂಗಡಿಯವರೆಗೂ ಕೇಳಿಸಿತ್ತು.

ಅತ್ತೆ ಸೀರೆಯ ಸೆರಗು ಸರಿಮಾಡಿಕೊಂಡು ಟೈಲರ್ ಕಡೆ ತಿರುಗಿದರು. "ಒಂದು ಹಾಳೆ ಕೊಡಿ ಟೈಲರಣ್ಣ, ಪೆನ್ನೂ ಕೊಡಿ." ಅಳತೆ ಬರೆಯುವ ಹಾಳೆಯೊಂದು ಬಂತು. ಅತ್ತೆ ಅದನ್ನು ಅಳಿಯನ ಕೈಗಿಟ್ಟರು. "ಇಲ್ಲಿಗೆ ಮುಗಿಸೋಣ. ಬರೀರಿ: 'ಈ ಗ್ರಂಥವನ್ನು ಪರೀಕ್ಷಿಸಿದ್ದೇನೆ. ಇದರಲ್ಲಿರುವುದೆಲ್ಲ ನಿಜ.' ಕೆಳಗೆ ಸಹಿ ಹಾಕಿ. ಈ ಕ್ಷಣವೇ ಲಿಫ್ಟ್ ಹತ್ತುತ್ತೀನಿ. ಇಲ್ಲಾಂದ್ರೆ ಮಧ್ಯಾಹ್ನದ ಬಸ್ಸಿದೆ."

"ಹಾಕ್ಬಿಡಿ ಸಾರ್," ಟೈಲರ್ ಮೆಲ್ಲಗೆ ಹೇಳಿದ. "ನನ್ನ ಅಂಗಡಿ ಹಾಳೆ, ಯಾರು ನೋಡ್ತಾರೆ?"

ಅಳಿಯ ಹಾಳೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದ. ಐದು ಪದ ಬರೆದರೆ ಹೆಂಡತಿಗೆ ಅಮ್ಮ ಸಿಗುತ್ತಾರೆ. ಯಾರಿಗೂ ನಷ್ಟವಿಲ್ಲ. ಸಂತನಿಗಂತೂ ಇಲ್ಲವೇ ಇಲ್ಲ. 'ಈ ಗ್ರಂಥವನ್ನು' ಎಂದು ಬರೆದ. ಅಲ್ಲಿಗೆ ಕೈ ನಿಂತಿತು. ಸಹಿ ಹಾಕುವ ಮುಂಚೆ ಯಂತ್ರದ ಕೋಣೆಗೆ ಹತ್ತಿ ಹಗ್ಗ ಮುಟ್ಟಿ ನೋಡುವ ಕೈ ಅದು. ಕಟ್ಟಡದ ಮಾಲೀಕರು ಅವಸರ ಮಾಡಿದಾಗಲೂ ನೋಡದೆ ಬರೆದದ್ದಿಲ್ಲ. ಆಮೇಲೆ ವಾಕ್ಯ ಮುಗಿಸಿ, ಸಹಿ ಹಾಕಿ, ಹಾಳೆಯನ್ನು ಅತ್ತೆಗೆ ಕೊಟ್ಟ.

ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "'ಈ ಗ್ರಂಥವನ್ನು ಪರೀಕ್ಷಿಸಲು ನನ್ನಿಂದ ಸಾಧ್ಯವಾಗಿಲ್ಲ.'"

ಟೈಲರ್ ಹಣೆ ಚಚ್ಚಿಕೊಂಡ.

"ಇಷ್ಟೇನಾ?" ಅತ್ತೆ ಕೇಳಿದರು.

"ಇಷ್ಟೇ ಅತ್ತೆ. ಕ್ಷಮಿಸಿ."

"ನಿಜ ಅಂತ ಬರೆಯೋಕೆ ಮನಸ್ಸಿಲ್ಲದಿದ್ರೆ ಸುಳ್ಳು ಅಂತಾದ್ರೂ ಬರೀಬಹುದಿತ್ತಲ್ಲ. ಇಷ್ಟು ವರ್ಷ ಅದನ್ನೇ ತಾನೇ ಹೇಳ್ಕೊಂಡು ಬಂದದ್ದು?"

"ಬಾಯಲ್ಲಿ ಹೇಳೋದು ಬೇರೆ. ಸಹಿ ಹಾಕಬೇಕಾದ್ರೆ ಅದಕ್ಕೂ ಪರೀಕ್ಷೆ ಬೇಕು."

ಅತ್ತೆ ಹಾಳೆಯನ್ನು ಇನ್ನೊಮ್ಮೆ ನೋಡಿದರು. ಉತ್ತರ ಪತ್ರಿಕೆ ತಿದ್ದುವವರ ಮುಖ. ಆಮೇಲೆ ಅದನ್ನು ನೀಟಾಗಿ ಮಡಚಿ, ಬಟ್ಟೆ ಬಿಚ್ಚಿ, ಗ್ರಂಥದೊಳಗೆ ಇಟ್ಟು, ಮತ್ತೆ ಬಟ್ಟೆ ಸುತ್ತಿದರು. ಮಂಡಿಯ ಮೇಲೆ ಕೈಯೂರಿ ಎದ್ದರು.

"ಚೀಲ ತಗೊಳ್ಳಿ."

"ಬಸ್ಸಿಗಾ?" ಅವನ ದನಿ ಇಳಿದುಹೋಗಿತ್ತು.

"ಬಸ್ಸಿಗೆ ಯಾಕೆ? ಮಗಳು ಮೇಲಲ್ಲವೇ ಇರೋದು?" ಅವರೇ ಗುಂಡಿ ಒತ್ತಿದರು, ಲಿಫ್ಟು ಇಳಿದು ಬಂದು ಬಾಗಿಲು ತೆರೆಯಿತು. ಒಳಗಿನ ಚೌಕಟ್ಟನ್ನು ಅವರು ಬೆರಳಿನಿಂದ ತೋರಿಸಿದರು. "ಆ ಸಹಿ, ಈ ಸಹಿ ಒಂದೇ ತಾನೇ? ಹೆಂಡತಿ ಬೇಡಿಕೊಂಡರೂ, ಅತ್ತೆ ಹೆದರಿಸಿದರೂ ನೋಡದೆ ಇರೋದಕ್ಕೆ ಸಹಿ ಹಾಕದ ಮನುಷ್ಯ ಇದಕ್ಕೆ ಮಾತ್ರ ಸುಮ್ಮನೆ ಹಾಕಿರ್ತೀರಾ?"

"ಅಂದ್ರೆ ಲಿಫ್ಟು ಸಾಬೀತಾಯ್ತು ಅಂತಲಾ?"

"ಲಿಫ್ಟಿನ ಮೇಲೆ ನನಗೆ ಈಗಲೂ ನಂಬಿಕೆ ಇಲ್ಲ," ಎನ್ನುತ್ತ ಅತ್ತೆ ಹೊಸ್ತಿಲು ದಾಟಿದರು.

ಬಾಗಿಲು ಮುಚ್ಚಿದ ಕೂಡಲೇ ಅವರು ಅವನ ಮಣಿಕಟ್ಟು ಹಿಡಿದರು. ಹಿಡಿತ ಬಿಗಿಯಾಗಿತ್ತು. ಲಿಫ್ಟು ಸಣ್ಣಗೆ ಅಲುಗಿ ಮೇಲೆ ಹೊರಟಿತು. ಅವರ ಕಣ್ಣು ಮುಚ್ಚಿತ್ತು, ತುಟಿ ಅಲ್ಲಾಡುತ್ತಿತ್ತು.

"ಏನು ಹೇಳ್ಕೋತಿದೀರಿ ಅತ್ತೆ?"

"ಬೆಟ್ಟದ ಪ್ರಸಂಗ. ಮಧ್ಯೆ ಬಾಯಿ ಹಾಕಬೇಡಿ."

ಅವನು ಹಾಕಲಿಲ್ಲ. ಆರನೇ ಮಹಡಿಯ ತನಕ ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಆ ಬೆಟ್ಟ ಯಾರ ಆಕ್ಷೇಪಣೆಯೂ ಇಲ್ಲದೆ ಸರಿಯಿತು.

ಬಾಗಿಲು ತೆರೆದಾಗ ಮಗಳು ಎದುರಿಗೇ ನಿಂತಿದ್ದಳು, ಒಂದು ಕೈ ಸೊಂಟದ ಮೇಲೆ. ತಾಯಿಯನ್ನು ನೋಡಿದಳು, ತಾಯಿಯ ಕೈಯಲ್ಲಿ ಸಿಕ್ಕಿಬಿದ್ದಿದ್ದ ಗಂಡನ ಕೈಯನ್ನೂ ನೋಡಿದಳು.

"ಅಂತೂ ಬಂದೆಯಲ್ಲಮ್ಮಾ. ಇವರು ಒಪ್ಕೊಂಡ್ರಾ?"

"ಎಲ್ಲಿ ಒಪ್ಕೋತಾರೆ?" ಅತ್ತೆ ಹೊರಗೆ ಕಾಲಿಟ್ಟು, ನೆಲ ಗಟ್ಟಿಯಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಆಮೇಲೆ ಅಳಿಯನ ಮಣಿಕಟ್ಟು ಬಿಟ್ಟರು. "ನಿನ್ನ ಗಂಡನಲ್ಲಿ ಇವತ್ತಿನ ಪರೀಕ್ಷೇಲಿ ದೋಷ ಕಂಡುಬಂದಿಲ್ಲ ಕಣೇ. ಮುಂದಿನ ವರ್ಷ ಮತ್ತೆ ನೋಡಬೇಕು."