ಹಲಗೆಯಲ್ಲಿ ಇಲ್ಲದ ಬಿಲ್ಲೆ

ಹೆರಿಕ್ ಕೊಲ್ಲಿಯ ನೌಕಾ ಹಡಗುಕಟ್ಟೆಗೆ ಆ ವರ್ಷ ಒಂದೇ ಏಟಿಗೆ ಎಂಟುನೂರು ಜನ ಹೊಸಬರು ಸೇರಿದ್ದರು. ಮೇಲಿನವರಿಗೇನು, ಪತ್ರಿಕೆಯ ಫೋಟೋದಲ್ಲಿ ಹಲ್ಲುಕಿರಿದು ನಿಂತರು. ಹೊಸಬರ ಹೆಸರು ಕೆತ್ತಿದ ಹಿತ್ತಾಳೆ ಬಿಲ್ಲೆಗಳು ಮಾತ್ರ ಇನ್ನೂ ಬಂದಿರಲಿಲ್ಲ.

ಅಲ್ಲಿ ಕಟ್ಟುತ್ತಿದ್ದ ಜಲಾಂತರ್ಗಾಮಿಯೊಳಗಿನ ಉಕ್ಕಿನ ತೊಟ್ಟಿಗೆ ಕೆಲಸಕ್ಕೆ ಇಳಿಯುವವರು ಅದರ ಬಾಯಿಯ ಪಕ್ಕದ ಹಲಗೆಗೆ ತಮ್ಮ ಬಿಲ್ಲೆ ನೇತುಹಾಕಬೇಕು, ಹತ್ತಿ ಬಂದಾಗ ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾದರೆ ತೊಟ್ಟಿಯೂ ಖಾಲಿ. ಬಾಯಿ ಕಾಯುವ ಕ್ಲೋಡೆಟ್ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪಿದವಳಲ್ಲ.

ಊಟದ ಸೈರನ್ ಆಯಿತು. ಹಳೇ ಬೆಸುಗೆಗಾರ ಆರ್ಮಂಡ್ ಕೊನೆಯವನಾಗಿ ಮೇಲೆ ಬಂದು, ತನ್ನ ಬಿಲ್ಲೆ ಕಿತ್ತುಕೊಂಡು ಹೋದ. ಮೇಸ್ತ್ರಿ ವೇಯ್ನ್ ಖಾಲಿ ಹಲಗೆ ನೋಡಿ, ಹೊರಗಿನಿಂದ ಹಾಕುವ ಬೆಸುಗೆಗೆ ಬೇಕಾದ ಆರ್ಗಾನ್ ಅನಿಲವನ್ನು ತೊಟ್ಟಿಗೆ ಬಿಟ್ಟ. ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮೂ ಬರಿಸದೆ ಮನುಷ್ಯರನ್ನು ಮಲಗಿಸಿಬಿಡುವ ಹಾಳು ಗಾಳಿ ಅದು.

ಕ್ಲೋಡೆಟ್ ಬುತ್ತಿ ಎತ್ತಿಕೊಳ್ಳಲು ಬಗ್ಗಿದಳು. ತನ್ನದರ ಪಕ್ಕ ಇನ್ನೂ ಯಾರೂ ಒಯ್ಯದ ಒಂದು ಹಳದಿ ಬುತ್ತಿ ಡಬ್ಬಿ ಇತ್ತು.

ಆರ್ಮಂಡ್ ಜೊತೆ ಇಳಿದ ಹೊಸಬಳದು. ಮಾರ್ಲಾ! ಮೊನ್ನೆಮೊನ್ನೆಯವರೆಗೆ ಶಾಲೆಯ ಬಸ್ಸು ಓಡಿಸುತ್ತಿದ್ದ ಹೆಂಗಸು. ಬಿಲ್ಲೆಯಿಲ್ಲವೆಂದು ಬೆಳಿಗ್ಗೆ ಹಿಂಜರಿದವಳಿಗೆ, "ಆರ್ಮಂಡ್ ಬಿಲ್ಲೇನೇ ಸಾಕು, ಇಳಿಯೇ ಮಾರಾಯ್ತಿ" ಎಂದವಳು ಕ್ಲೋಡೆಟ್ಟೇ.

"ವೇಯ್ನ್, ಗ್ಯಾಸ್ ನಿಲ್ಸು! ಒಳಗೆ ಜನ ಇದಾರೆ!"

"ಹಲಗೆ ಖಾಲಿ ಇದೆಯಲ್ಲೇ. ತಲೆ ಕೆಟ್ಟಿದ್ಯಾ ನಿಂಗೆ?"

"ಹಲಗೆ ಮನೆ ಹಾಳಾಗ, ನಿಲ್ಸೋ!"

ವೇಯ್ನ್ ಅನಿಲದ ತಿರುಪಿನತ್ತ ಓಡಿದ. ಅನಿಲ ನಿಲ್ಲಿಸಿ ಗಾಳಿಯಂತ್ರ ಹಾಕಿದ, ರಕ್ಷಣಾ ತಂಡಕ್ಕೆ ಫೋನ್ ಮಾಡಿದ. ಕ್ಲೋಡೆಟ್ ಸುತ್ತಿಗೆ ಹಿಡಿದು ಉಕ್ಕಿನ ಗೋಡೆಗೆ ಮೂರು ಸಲ ಬಡಿದಳು. ಉತ್ತರವಿಲ್ಲ. ಕೂಗಿದಳು. ಉತ್ತರವಿಲ್ಲ. ದೇವರೇ, ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಎಂದು ಅಳುತ್ತಲೇ ಮತ್ತೆ ಬಡಿದಳು.

ಆಳದಲ್ಲೆಲ್ಲೋ ಒಂದು ಸಲ, ಮೆತ್ತಗೆ, ಠಣ್ ಎಂದಿತು.

ತಂಡದವರು ಉಸಿರುಗವಸು ಹಾಕಿಕೊಂಡು ಇಳಿದು ಮಾರ್ಲಾಳನ್ನು ಎತ್ತಿಕೊಂಡು ಬಂದರು. ತುಟಿ ನೀಲಿಯಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಬಾಯಿ ಬಿಟ್ಟಳು.

"ನಾನು ಬರೋವರ್ಗೂ ಕದಲ್ಬೇಡ ಅಂತ ಆರ್ಮಂಡ್ ಹೇಳಿದ್ದ. ಕೂತಿದ್ದೆ. ಯಾಕೋ ಒಳ್ಳೇ ನಿದ್ದೆ ಬಂದ ಹಾಗಾಯ್ತು ನೋಡಿ."

ಕ್ಲೋಡೆಟ್ ವೇಯ್ನ್ ಕಡೆ ತಿರುಗಿ ಕೇಳಿದಳು, "ಸೋಮವಾರ ಎಷ್ಟು ಜನ ಹೊಸಬರು ಬರ್ತಾರೋ?"

"ಇನ್ನೂ ಅರವತ್ತು" ಎಂದ ವೇಯ್ನ್.

"ಬಿಲ್ಲೆ?"

"ಅದು ಇನ್ನೂ ಬಂದಿಲ್ಲ."

ಕ್ಲೋಡೆಟ್ ತೊಟ್ಟಿಯ ಬಾಯಿಗೆ ಅಡ್ಡವಾಗಿ ಕೂತುಬಿಟ್ಟಳು. ಕೈಯಲ್ಲಿನ ಸುತ್ತಿಗೆ ಇನ್ನೂ ಬಿಟ್ಟಿರಲಿಲ್ಲ.