ಮೂರನೆಯ ತುಂಡಿಗೆ ಪೆಟ್ಟು

ಪೆಟ್ಟು ಎಲ್ಲಿ ಬೀಳಬೇಕು? — ಪಡಸಾಲೆಯಲ್ಲಿ ಯಾರನ್ನೂ ಕೇಳದೆ ಕೇಳಿಕೊಳ್ಳುತ್ತಿದ್ದಾರೆ ನನ್ನ ಯಜಮಾನರು, ಪುರಾಣ ಓದುವ ನಾಗಲಿಂಗಪ್ಪನವರು, ಕೈಯಲ್ಲಿ ರೂಲುಕಟ್ಟಿಗೆ, ರೆ, ಕ್ವಿ, ಝಿ, ಟಕ್, ಷನ್, ಮೂರನೆಯದಕ್ಕೆ ಬಿತ್ತು, ನಾದುತ್ತಿದ್ದ ಜೋಳದ ಹಿಟ್ಟಿನಲ್ಲಿ ನನ್ನ ಕೈ ಹಾಗೇ ನಿಂತಿದೆ, ಮದುವೆಯಾದಾಗಿನಿಂದ ಈ ಗೋಡೆಯ ಈಚೆ ಕೂತು ಅವರ ಪದ್ಯ ಕೇಳಿದವಳು ನಾನು, ಗುರುವಿದ್ದಲ್ಲಿ ದನಿ ನಿಲ್ಲುತ್ತಿತ್ತು, ಲಘುವಿದ್ದಲ್ಲಿ ಹಾರುತ್ತಿತ್ತು, ಒಂದಕ್ಷರವೂ ಸಾಯುತ್ತಿರಲಿಲ್ಲ — ರೆಕ್ವಿಝಿಷನ್ ಎಂಬ ಈ ಇಂಗ್ಲಿಷ್ ಶಬ್ದ ಹಾಗಲ್ಲವಂತೆ, ಕಟ್ಟಿಗೆ ಗುತ್ತೇದಾರರ ಮುನ್ಶಿ ಹಸನಸಾಬರು ನಿನ್ನೆ ಕಲಿಸುತ್ತ ನಕ್ಕರು, ಶಾಸ್ತ್ರಿಗಳ, ಪುರಾಣದಂಗ ಎಳೀಬ್ಯಾಡ್ರಿ, ಹುಕುಮ ಕೇಳೂ ಇಂಗ್ರೇಜಿ ಸಾಹೇಬ ನಿದ್ದಿ ಹೋಗ್ತಾನ, ಉದ್ದನ್ನ ಶಬ್ದ ತುಂಡ ಮಾಡ್ರಿ, ಒಂದ ತುಂಡಿಗೆ ಪೆಟ್ಟ ಹಾಕ್ರಿ, ಉಳಿದದ್ದು ನುಂಗಿಬಿಡ್ರಿ, ಚಹಾ ಇಡುತ್ತ ನಾನು ಕೇಳಿದೆ, ಆ ಶಬ್ದಕ್ಕ ಅರ್ಥ ಏನ್ರೀ ಅಣ್ಣಾ, ಅವರ ನಗು ನಿಂತಿತು, ಸರಕಾರ ಊರನ್ನ ವಶಕ್ಕ ತಗೊಳ್ಳೂದು ತಂಗಿ, ಲಡಾಯಿ ಮುಗಿಯೂತನಕ, ಮಂದಿ ಊರು ಬಿಡಬೇಕು, ಅಲ್ಲಿ ಕಟ್ಟಿಗಿ ಒಟ್ಟತಾರ — ದಾಂಡೇಲಿ ಕಾಡಂಚಿನ ಆ ಊರು ನನ್ನ ತವರು, ಟಕ್, ಬುಡಕ್ಕೆ ಕೊಡಲಿ ಬಿದ್ದ ಹಾಗೆ, ನಾಳೆ ಅಲ್ಲಿ ಗುಡಿಕಟ್ಟೆಯ ಮೇಲೆ ಇವರು ಇಂಗ್ಲಿಷ್ ಹುಕುಮು ಓದುತ್ತಾರೆ, ಅರ್ಥ ಆಮೇಲಂತೆ, ಪ್ರತಿ ಶ್ರಾವಣ ಅಲ್ಲೇ ಪುರಾಣ ಓದಿದವರಲ್ಲವೆ, ನನ್ನ ತಮ್ಮ ಈಶಪ್ಪ ಆ ಕಾಗದಕ್ಕೂ ಹೂವೇರಿಸುತ್ತಾನೆ, ಓದು ನಿಂತ ಕೂಡಲೆ ಎಲ್ಲರೂ ಕೈಮುಗಿದು ಹರಹರ ಅನ್ನುತ್ತಾರೆ, ಮೊದಲು ಅರ್ಥ ಕೇಳಿ ಆಮೇಲೆ ಕೈಮುಗಿಯುವ ವಾಡಿಕೆ ನಮ್ಮಲ್ಲಿಲ್ಲ, ಪಕ್ಕದಲ್ಲಿ ನಿಂತ ಕಾರಕೂನ ಒಪ್ಪಿದರು ಎಂದು ಬರೆದುಕೊಳ್ಳುತ್ತಾನೆ, ಶಿವನೇ, ಇಷ್ಟು ವರ್ಷ ಬರೀ ಕೇಳಿದವಳು ನಾನು, ಇವತ್ತು ಹೊಸ್ತಿಲಿಗೆ ಬಂದು ನಿಂತಿದ್ದೇನೆ, ಕೈಯೆಲ್ಲ ಹಿಟ್ಟು, ರೀ, ನೀವು ಹೋಗಬ್ಯಾಡ್ರಿ, ಬ್ಯಾರೆ ಯಾರರೆ ಓದಲಿ, ನಿಮ್ಮ ದನಿ ಕೇಳಿದ್ರ ಅವರು ಕೈ ಮುಗೀತಾರ, ಅವರು ತಲೆಯೆತ್ತಲಿಲ್ಲ, ಅದಕ್ಕ ನನ್ನ ಕರದಾರ, ಅಂದರು, ನಿಮ್ಮ ಕಾಲು ಹಿಡೀತೇನ್ರಿ, ಅಂದೆ, ರೂಲುಕಟ್ಟಿಗೆ ಮೇಲೆದ್ದಿತು, ರೆ, ಕ್ವಿ, ಆಗೂದಿಲ್ಲ ಶಿವಗಂಗಾ, ಒಳಗ ಹೋಗು, ರೂಲುಕಟ್ಟಿಗೆ ಇನ್ನೂ ಮೇಲೇ ಇದೆ —